ಹಳೆಯ ಪುಸ್ತಕಕ್ಕೆ ಮೊದಲ ಸಿಲಿಂಡರ್

ಪಕ್ಕದ ಮನೆಯ ಅಕ್ಕ ಗ್ಯಾಸ್ ಸಿಲಿಂಡರನ್ನು ಒದ್ದೆ ಬಟ್ಟೆಯಿಂದ ಮೇಲಿನಿಂದ ಕೆಳಗಿನವರೆಗೆ ಒರೆಸಿ, ಎಲ್ಲಿಯವರೆಗೆ ತೇವ ಆರುತ್ತದೆ ಎಂದು ನೋಡುತ್ತ ಕೂತರು. ಆರದೆ ಉಳಿದ ಜಾಗದಲ್ಲಿ ಇನ್ನೂ ಗ್ಯಾಸ್ ಇದೆ ಎಂದು ಅರ್ಥ. ಬುಡದಿಂದ ನಾಲ್ಕು ಬೆರಳಷ್ಟು ಎತ್ತರ ಮಾತ್ರ ತೇವ ಉಳಿಯಿತು. "ಹತ್ತು ದಿನ," ಎಂದರು.

ಹೀಗೆ ಶುರುಮಾಡಿದರೆ ಚೆನ್ನಾಗಿ ಕಾಣುತ್ತದೆ. ಆದರೆ ಇದನ್ನು ನಾನು ನೋಡಿಲ್ಲ. ನೋಡಿದವಳು ನನ್ನ ಹೆಂಡತಿ. ನಾನು ಆ ಹೊತ್ತಿಗೆ ಶಿವಮೊಗ್ಗದಲ್ಲಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು, ಯಾವ ಹೋಟೆಲಿನಲ್ಲಿ ಇನ್ನೂ ದೋಸೆ ಸಿಗುತ್ತದೆ ಎಂದು ಸಹೋದ್ಯೋಗಿಗಳ ಜೊತೆ ಹರಟುತ್ತಿದ್ದೆ. ಸಂಜೆ ಮನೆಗೆ ಬಂದಾಗ ಅವಳು ಹೇಳಿದ್ದನ್ನು ಕೇಳಿ, ಎಷ್ಟೋ ದಿನಗಳಾದ ಮೇಲೆ ನಾನೇ ಆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ ಎಂದು ನಂಬಿಕೊಂಡೆ. ಈ ಬರಹದಲ್ಲಿ ಇಂಥ ಕಡೆಗಳು ಇನ್ನೂ ಬರುತ್ತವೆ. ಗೊತ್ತಾದಲ್ಲೆಲ್ಲ ಹೇಳುತ್ತೇನೆ.

ನಾವಿರುವುದು ಭದ್ರಾವತಿಯ ಹಳೆಯ ಕಾರ್ಖಾನೆ ಕ್ವಾರ್ಟರ್ಸ್‌ನ ಒಂದು ಬೀದಿಯಲ್ಲಿ. ಇಪ್ಪತ್ತೆಂಟು ಮನೆಗಳು, ಎರಡೆರಡು ಮನೆಗೆ ನಡುವೆ ಒಂದೇ ಗೋಡೆ. ನಿವೃತ್ತರಾದವರು, ಗುತ್ತಿಗೆ ಕೆಲಸದವರು, ನನ್ನಂತೆ ಬಾಡಿಗೆಗೆ ಬಂದು ನಿಂತವರು ಎಲ್ಲ ಸೇರಿಕೊಂಡಿದ್ದಾರೆ. ಪಕ್ಕದ ಮನೆಯ ಅಕ್ಕನದು ತಮಿಳು ಕುಟುಂಬ. ಅಕ್ಕನ ಗಂಡನ ಅಪ್ಪನ ಕಾಲದಲ್ಲೇ ಇಲ್ಲಿಗೆ ಬಂದವರು. ಗಂಡ ಎರಕದ ಶಾಪಿನಲ್ಲಿ ಮರಳಿನ ಅಚ್ಚು ಕಟ್ಟುವ ಕೆಲಸ ಮಾಡಿದ್ದವರು. ಆ ಮರಳಿನ ಧೂಳು ಅವರ ಶ್ವಾಸಕೋಶದಲ್ಲಿ ಉಳಿದುಕೊಂಡಿತ್ತು. ನಿವೃತ್ತಿಯಾಗಿ ಎಷ್ಟೋ ವರ್ಷಗಳಾದ ಮೇಲೆ, ಗೋಡೆಗೆ ಒರಗಿಸಿಟ್ಟ ಹಾಸಿಗೆ ಸುರುಳಿಗೆ ಬೆನ್ನು ಕೊಟ್ಟು ಕೂತೇ ಹಗಲು, ಕೂತೇ ರಾತ್ರಿ. ಎರಡು ಗಂಟೆಗೊಮ್ಮೆ ಬಿಸಿನೀರು, ತೆಳ್ಳಗಿನ ಗಂಜಿ, ಹಬೆ. ಡಾಕ್ಟರು ಅಕ್ಕನಿಗೆ ಹೇಳಿದ್ದು ಒಂದೇ ಮಾತು: ಹೊಗೆ ತಾಗಬಾರದು. ಊದುಬತ್ತಿಯನ್ನೂ ಆ ಮನೆಯಲ್ಲಿ ಹಚ್ಚುತ್ತಿರಲಿಲ್ಲ.

ಹಾಗಾಗಿ ಗ್ಯಾಸಿನ ಕೊರತೆ ಬಂದಾಗ, ನಮಗೆಲ್ಲ ಅದು ಅಡುಗೆಯ ತೊಂದರೆಯಾಗಿತ್ತು, ಅವರಿಗೆ ಉಸಿರಿನ ತೊಂದರೆಯಾಗಿತ್ತು. ಸಿಲಿಂಡರ್ ಮುಗಿಯುವುದರೊಳಗೆ ಇನ್ನೊಂದು ಬರಬೇಕು. ಬಾರದಿದ್ದರೆ ಒಲೆ ಹಚ್ಚಬೇಕು. ಹಚ್ಚಿದರೆ ಹೊಗೆ.

ದೂರದ ಯಾವುದೋ ಯುದ್ಧ, ಬಾರದ ಹಡಗುಗಳು ಎಂದು ಟಿವಿಯಲ್ಲಿ ಹೇಳುತ್ತಿದ್ದರು. ಶಿವಮೊಗ್ಗದ ಹೋಟೆಲುಗಳಲ್ಲಿ ತಿಂಡಿಯ ಪಟ್ಟಿ ಒಂದೊಂದೇ ಸಾಲು ಕಡಿಮೆಯಾಯಿತು. ಆಟೋಗಳು ಗ್ಯಾಸ್ ಬಂಕಿನ ಮುಂದೆ ರಸ್ತೆಯ ತಿರುವಿನವರೆಗೂ ನಿಂತಿರುತ್ತಿದ್ದವು. ನಾನು ಹತ್ತುವ ಖಾಸಗಿ ಬಸ್ಸು ಡೀಸೆಲ್ ಇಲ್ಲವೆಂದು ಎರಡು ಟ್ರಿಪ್ ಬಿಟ್ಟು ಒಂದು ಟ್ರಿಪ್ ಓಡತೊಡಗಿತು. ಭದ್ರಾವತಿಯಲ್ಲಿ ಗ್ಯಾಸಿನ ಲಾರಿಯ ಹತ್ತಿರ ಒಂದು ಸಲ ಹೊಡೆದಾಟವೂ ಆಯಿತು. ಆಮೇಲೆ ಏಜೆನ್ಸಿಯವರು ನಮ್ಮ ಬೀದಿಯ ಕಮಿಟಿಗೆ ಹೇಳಿಕಳಿಸಿದರು: ವಾರಕ್ಕೆ ಆರು ಸಿಲಿಂಡರ್, ಯಾರಿಗೆ ಮೊದಲು ಎಂದು ನೀವೇ ಬರೆದುಕೊಡಿ, ಜಗಳ ಆದರೆ ಆ ಆರೂ ಇಲ್ಲ.

ಕಮಿಟಿ ಎಂದರೆ ಗಣಪತಿ ಕೂರಿಸುವ ಕಮಿಟಿ. ಅಧ್ಯಕ್ಷರು ನಿವೃತ್ತ ಫೋರ್ಮನ್ನರು. ನಾನು ಬರೆಯುವವನು ಎಂಬ ಕಾರಣಕ್ಕೆ ಕಾರ್ಯದರ್ಶಿ.

ನಾನು ಮೊದಲು ಬರೆದ ಪಟ್ಟಿಯಲ್ಲಿ ಮೂರು ಗುಂಪುಗಳಿದ್ದವು. ಕಾಯಿಲೆಯವರು, ಎಳೆಮಕ್ಕಳು, ತೀರಾ ವಯಸ್ಸಾದವರು ಇರುವ ಮನೆಗಳು ಮೊದಲು. ಉಳಿದ ಸಂಸಾರಗಳು ಆಮೇಲೆ. ಒಂಟಿ ಗಂಡಸರು ಇರುವ ಮನೆಗಳು ಕೊನೆಗೆ. ಅದರಲ್ಲಿ ಅಕ್ಕನ ಮನೆ ಮೊದಲನೆಯದು. ಭಾನುವಾರ ಬೆಳಿಗ್ಗೆ ಗಣಪತಿ ಶೆಡ್ಡಿನಲ್ಲಿ ಸಭೆ ಸೇರಿತು. ಅಕ್ಕ ಬಂದಿರಲಿಲ್ಲ; ಗಂಡನನ್ನು ಬಿಟ್ಟು ಬರುವಂತಿರಲಿಲ್ಲ. ನಾನು ಪಟ್ಟಿ ಓದಿ ಮುಗಿಸುವ ಮೊದಲೇ ಒಬ್ಬರು ಎದ್ದುನಿಂತರು.

"ನಮ್ಮತ್ತೆಗೂ ಹುಷಾರಿಲ್ಲ. ಬರ್ಕೊಳ್ಳಿ ಮೇಷ್ಟ್ರೇ."

"ನಿಮ್ಮತ್ತೆಗಾ? ಮೊನ್ನೆ ಹೊಳೆಹೊನ್ನೂರು ಸಂತೆಯಿಂದ ಕುಂಬಳಕಾಯಿ ತಲೆ ಮೇಲೆ ಇಟ್ಕೊಂಡು ಬಸ್ ಇಳಿದೋರು ಯಾರು ಹಂಗಾದ್ರೆ? ಅವರ ತಂಗೀನಾ?"

"ಶುಗರ್ ಇದೆ ಮಾರಾಯ ಅವರಿಗೆ. ಕುಂಬಳಕಾಯಿ ಹೊತ್ರೆ ಶುಗರ್ ಹೋಗುತ್ತಾ?"

"ಶುಗರ್ ಇಲ್ದಿರೋ ಮನೆ ಈ ಬೀದೀಲಿ ಒಂದು ತೋರ್ಸಿ, ಆ ಮನೆಗೇ ಎರಡು ಸಿಲಿಂಡರ್ ಕೊಟ್ಬಿಡೋಣ."

ಎಲ್ಲರೂ ನಕ್ಕರು. ನಕ್ಕಿದ್ದು ಮುಗಿಯುವುದರೊಳಗೆ ಹದಿನೇಳು ಮನೆಗಳು ಕಾಯಿಲೆಯ ಗುಂಪಿಗೆ ಸೇರಿದ್ದವು. ಒಬ್ಬರು ಎಕ್ಸ್‌ರೇ ತರಿಸುತ್ತೇನೆ ಎಂದರು. ಇನ್ನೊಬ್ಬರು ಮಗಳಿಗೆ ಮೂರು ತಿಂಗಳು ಎಂದರು. ಆ ಮಗಳೇ ಅಲ್ಲಿ ಕೂತಿದ್ದಳು, ತಲೆ ತಗ್ಗಿಸಿದಳು. ಫೋರ್ಮನ್ನರು ಮೇಜು ಬಡಿದರು.

"ಕಾಯಿಲೆ ಅಳೆಯೋಕೆ ನಾವೇನು ಡಾಕ್ಟ್ರಾ? ಇದೆಲ್ಲ ಬೇಡ. ಸೀನಿಯಾರಿಟಿ ಮಾಡಿ. ಯಾರೂ ಬಾಯಿ ತೆಗಿಯೋಹಂಗಿಲ್ಲ."

ಹೊರಗಿನವರಿಗೆ ಇದು ವಿಚಿತ್ರವಾಗಿ ಕೇಳಿಸಬಹುದು. ಈ ಕ್ವಾರ್ಟರ್ಸ್‌ನಲ್ಲಿ ಅದು ಕೇಳಿದ ಕೂಡಲೇ ಎಲ್ಲರ ಬೆನ್ನು ನೆಟ್ಟಗಾಯಿತು. ಮನೆ ಹಂಚಿದ್ದು ಸೀನಿಯಾರಿಟಿಯ ಮೇಲೆ, ಬಡ್ತಿ ಸೀನಿಯಾರಿಟಿಯ ಮೇಲೆ, ಹಬ್ಬದ ರಜೆಯೂ ಹಾಗೆಯೇ. ಮೂರು ತಲೆಮಾರು ಇದೇ ನ್ಯಾಯವನ್ನು ಉಂಡು ಬೆಳೆದಿದ್ದವು. ಕಾರ್ಖಾನೆಯಲ್ಲಿ ಕೆಲಸವೇ ಇಲ್ಲದಂತಾದ ಮೇಲೂ ಆ ಮಾತು ಉಳಿದಿತ್ತು.

"ಯಾವ ಸೀನಿಯಾರಿಟಿ? ವಯಸ್ಸಾ, ಸರ್ವೀಸಾ?" ಎಂದು ಯಾರೋ ಕೇಳಿದರು.

"ಗ್ಯಾಸಿನ ಪುಸ್ತಕದ ತಾರೀಕು. ಹಳೆಯ ಪುಸ್ತಕಕ್ಕೆ ಮೊದಲ ಸಿಲಿಂಡರ್."

ಇದನ್ನು ಹೇಳಿದವರು ಫೋರ್ಮನ್ನರು ಎಂದು ನಾನು ತಿಂಗಳುಗಟ್ಟಲೆ ಜನರಿಗೆ ಹೇಳುತ್ತ ಬಂದೆ. ಅವರ ಗಡಸು ದನಿಯಲ್ಲೇ ನನಗೆ ಅದು ನೆನಪಿತ್ತು. ಮೇಜಿನ ಮೇಲೆ ಬೆರಳು ಕುಟ್ಟಿದ್ದೂ ನೆನಪಿತ್ತು. ಇದನ್ನು ಬರೆಯಲು ಕೂತಾಗ ಕಮಿಟಿಯ ನಡಾವಳಿ ಪುಸ್ತಕ ತೆಗೆದು ನೋಡಿದೆ. "ಕಾರ್ಯದರ್ಶಿಗಳು ಸೂಚಿಸಿದಂತೆ, ಗ್ಯಾಸ್ ಸಂಪರ್ಕ ಪುಸ್ತಕದ ದಿನಾಂಕವನ್ನು ಆಧಾರವಾಗಿಟ್ಟುಕೊಂಡು" ಎಂದಿದೆ. ಅಕ್ಷರ ನನ್ನದು. ಬೆರಳು ಕುಟ್ಟಿದವನೂ ನಾನೇ ಇರಬೇಕು.

ಯಾಕೆ ಹೇಳಿದೆ? ಅದು ಕಾಗದದ ಮೇಲಿನ ವಿಷಯ, ಯಾರೂ ಸುಳ್ಳು ಹೇಳಲಾಗದು, ಯಾರ ಮನೆಯೊಳಗೂ ಇಣುಕಬೇಕಾಗಿಲ್ಲ, ಜಾತಿ ನೆಂಟಸ್ತನ ಏನೂ ಬರುವುದಿಲ್ಲ ಎಂದು ತೋರಿತ್ತು. ಸಭೆ ಒಪ್ಪಿತು. ನನಗೆ ಸಂತೋಷವೂ ಆಯಿತು. ಆಗ ಅಕ್ಕನ ಮನೆಯ ನೆನಪು ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಂತು. ಹಳೆಯ ಮನೆತನ, ಅವರ ಪುಸ್ತಕವೂ ಹಳೆಯದೇ ಇರುತ್ತದೆ ಎಂದುಕೊಂಡೆ.

ಮರೆತದ್ದು ಬೇರೆ. ಇಲ್ಲಿ ಮನೆ ಖಾಲಿ ಮಾಡುವವರು ಕೀಲಿಯ ಜೊತೆಗೆ ಒಲೆ, ಸಿಲಿಂಡರ್, ಗ್ಯಾಸಿನ ಪುಸ್ತಕ ಎಲ್ಲವನ್ನೂ ಮುಂದೆ ಬರುವವರಿಗೆ ಬಿಟ್ಟುಹೋಗುತ್ತಾರೆ. ಅದು ರೂಢಿ. ಪುಸ್ತಕದಲ್ಲಿ ಯಾರ ಹೆಸರಾದರೂ ಇರಲಿ, ಬುಕ್ಕಿಂಗಿನ ಮೊಬೈಲ್ ನಂಬರು ಬದಲಾಯಿಸಿಕೊಂಡರೆ ಆಯಿತು. ನನ್ನ ಮನೆಯ ಅನ್ನವೂ ನಾನು ಎಂದೂ ಕಾಣದ ಒಬ್ಬ ಕ್ರೇನ್ ಡ್ರೈವರನ ಹೆಸರಿನಲ್ಲಿ ಬೇಯುತ್ತಿತ್ತು. ಅವನು ಸತ್ತು ಬಹಳ ಕಾಲವಾಗಿದೆಯಂತೆ.

ಪುಸ್ತಕಗಳನ್ನು ಒಟ್ಟುಮಾಡಿ ತಾರೀಕಿನಂತೆ ಜೋಡಿಸಿದಾಗ ಪಟ್ಟಿಯ ತಲೆಯಲ್ಲಿ ಸತ್ತವರು ಸಾಲಾಗಿ ಬಂದು ಕೂತರು. ಮೊದಲನೆಯ ಪುಸ್ತಕ ಇದ್ದ ಮನೆಯಲ್ಲಿ ನಾಲ್ವರು ಗುತ್ತಿಗೆ ಹುಡುಗರು. ಊಟ ಮೆಸ್ಸಿನಲ್ಲಿ, ಒಲೆಯ ಮೇಲೆ ಶೂ ಪಾಲಿಶ್ ಡಬ್ಬಿ. ನಾನು ಹೋಗಿ ಹೇಳಿದಾಗ ಅವರಲ್ಲೊಬ್ಬ, "ನಾವು ಫಸ್ಟಾ ಸಾರ್? ಒಂದ್ಸಲ ನಮ್ಮಮ್ಮಂಗೆ ಫೋನ್ ಮಾಡಿ ಹೇಳ್ತೀರಾ, ನಂಬೋದಿಲ್ಲ ಅವಳು," ಎಂದ. ಅವರು ತಮ್ಮ ಸಿಲಿಂಡರನ್ನು ಮೆಸ್ಸಿನವನಿಗೆ ಕೊಟ್ಟರು. ಅದನ್ನು ತಪ್ಪು ಎನ್ನಲಾರೆ. ಆ ಮೆಸ್ಸಿನಲ್ಲಿ ಮೂವತ್ತು ಜನ ಉಣ್ಣುತ್ತಿದ್ದರು.

ನಮ್ಮದು ಐದನೆಯದು. ಅಕ್ಕನದು ಇಪ್ಪತ್ತೆಂಟನೆಯದು.

ಆವತ್ತು ಬಸ್ಸಿಳಿದು ಬರುವಾಗ ಅಕ್ಕ ಬಾಗಿಲಲ್ಲೇ ನಿಂತಿದ್ದರು. ಇದು ನಾನೇ ಕಂಡದ್ದು.

"ಸಾರ್, ನಾನು ಇಪ್ಪತ್ತೆಂಟಾ?"

"ಹೌದಕ್ಕ. ಪುಸ್ತಕದ ತಾರೀಕಿನ ಮೇಲೆ ಹೋಗಿದ್ದು."

"ತಾರೀಕು ಸರಿ ಇದೆ. ಎರಡು ವರ್ಷದ ಹಿಂದೆ ನಾನೇ ಹೋಗಿ ಹಳೇದು ಕೊಟ್ಟು ನನ್ನ ಹೆಸರಿಗೆ ಹೊಸದು ಮಾಡ್ಸಿದ್ದು. ಸತ್ತೋರ ಹೆಸರಲ್ಲಿ ಇಟ್ಕೊಂಡಿರಬೇಡ, ತಪ್ಪು ಅಂತ ಇವರು ಒಂದೇ ಸಮ. ಆಫೀಸಲ್ಲಿದ್ದ ಹುಡುಗಿ ನಕ್ಕಳು. ನಿಮ್ಮ ಬೀದಿಯಿಂದ ಯಾರೂ ಬಂದಿಲ್ಲಮ್ಮ, ನೀವೊಬ್ರೇ ಅಂದಳು." ಆಮೇಲೆ ಕೇಳಿದರು, "ಹಳೇ ಪುಸ್ತಕ ವಾಪಸ್ ಕೇಳಿದ್ರೆ ಕೊಡ್ತಾರಾ ಸಾರ್?"

"ಇಲ್ಲಕ್ಕ. ಅದು ರದ್ದಾಗಿರುತ್ತೆ."

"ಇದ್ದಿದ್ರೆ ನಾನು ಎಷ್ಟನೇದು?"

ಆ ಪುಸ್ತಕ ಅವರ ಮಾವನದು. ಬೀದಿಗೆ ಗ್ಯಾಸ್ ಬಂದ ಮೊದಲ ವರ್ಷದ್ದು. ಎರಡನೆಯದೋ ಮೂರನೆಯದೋ ಆಗುತ್ತಿತ್ತು. ನಾನು "ನೋಡಬೇಕು" ಎಂದೆ.

ಫೋರ್ಮನ್ನರ ಹತ್ತಿರ ಹೋದೆ. ಅವರು ವರಾಂಡದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೇಳಿಸಿಕೊಂಡು ಕೈಯಲ್ಲಿದ್ದ ಹಣ್ಣಿನ ಬೀಜ ತೆಗೆದಿಟ್ಟರು.

"ಅವನು ನನ್ನ ಕೈಕೆಳಗೇ ಕೆಲಸ ಮಾಡ್ದೋನು ಮೇಷ್ಟ್ರೇ. ನನಗೆ ಸಂಕಟ ಇಲ್ವಾ? ಈಗ ಅವನನ್ನ ಮೇಲಕ್ಕೆ ಹಾಕಿದ್ರೆ, ತನ್ನ ಶಾಪಿನೋನು ಅಂತ ಹಾಕ್ದ ಅಂತಾರೆ. ಆಮೇಲೆ ಹದಿನೇಳು ಜನ ಎಕ್ಸ್‌ರೇ ಹಿಡ್ಕೊಂಡು ಬರ್ತಾರೆ. ರೂಲು ಮಾಡಿದ್ದೂ ನೀವು, ಮುರಿಯೋಕೆ ಬಂದಿರೋದೂ ನೀವೇ. ಯಾವುದಾದ್ರೂ ಒಂದು ಮಾಡಿ."

ಈ ಮಾತು ನನಗೆ ಆಗಲೇ ಕೇಳಿಸಿತ್ತು. ಆದರೂ ರೂಲು ಮಾಡಿದವರು ಅವರೇ ಎಂದು ನಾನು ಆಮೇಲೆ ನೆನಪಿಟ್ಟುಕೊಂಡೆ.

ಮೊದಲ ವಾರದ ಲಾರಿಯಲ್ಲಿ ನಮ್ಮ ಸಿಲಿಂಡರ್ ಬಂತು. ಅದು ಇನ್ನೂ ಅಂಗಳದಲ್ಲಿರುವಾಗಲೇ ನನ್ನ ಹೆಂಡತಿ ಹೇಳಿದಳು.

"ರೀ, ಇದನ್ನ ಹಂಗೇ ಪಕ್ಕದ ಮನೆಗೆ ಉರುಳಿಸಿಬಿಡಿ."

"ಉರುಳಿಸಿದ್ರೆ ನಾವು ಏನು ಮಾಡೋದು? ನಮ್ಮದೂ ಮುಗೀತಾ ಬಂತು."

"ಎಲ್ಲರೂ ಏನು ಮಾಡ್ತಾರೋ ಅದು."

"ಕಾರ್ಯದರ್ಶಿನೇ ಪಟ್ಟಿ ಬದಲಾಯಿಸಿದ ಅಂತಾರೆ."

"ಪಟ್ಟಿ ಯಾಕೆ ಬದಲಾಯಿಸ್ತೀರಿ? ನಮ್ಮದನ್ನ ನಾವು ಕೊಡ್ತಿದೀವಿ. ಆ ಹುಡುಗರು ಮೆಸ್ಸಿಗೆ ಕೊಡ್ಲಿಲ್ವಾ?"

ಇದಕ್ಕೆ ನಾನು ಏನು ಉತ್ತರ ಕೊಟ್ಟೆ ಎಂಬುದು ನೆನಪಿಲ್ಲ. ಅವಳಿಗೂ ನೆನಪಿಲ್ಲವಂತೆ, ಅಥವಾ ನನ್ನ ಮುಖ ನೋಡಿ ನೆನಪಿಲ್ಲ ಎಂದಿರಬಹುದು. ಕೊನೆಗೆ ಆದ ತೀರ್ಮಾನ ಮಾತ್ರ ಇಬ್ಬರಿಗೂ ಗೊತ್ತು. ಸಿಲಿಂಡರ್ ನಮ್ಮಲ್ಲೇ ಉಳಿಯುವುದು. ಅಕ್ಕನ ಗಂಡನಿಗೆ ಗಂಜಿ, ಫ್ಲಾಸ್ಕಿನಲ್ಲಿ ಬಿಸಿನೀರು ಎರಡೂ ಹೊತ್ತು ನಮ್ಮ ಮನೆಯಿಂದ ಹೋಗುವುದು. ಒಂದು ಸಿಲಿಂಡರಿನಲ್ಲಿ ಎರಡು ಮನೆ. ಆ ವಾರ ಕಾಲೇಜಿನಲ್ಲಿ ಇದನ್ನು ಒಬ್ಬಿಬ್ಬರಿಗೆ ಹೇಳಿಯೂ ಹೇಳಿದೆ. ಅವರು ಮೆಚ್ಚಿದರು.

ಬೀದಿಯ ಉಳಿದ ಮನೆಗಳಲ್ಲಿ ಹೊಟ್ಟಿನ ಒಲೆಗಳು ಹೊರಗೆ ಬಂದವು. ಸಾಮಿಲ್ಲಿನಿಂದ ಮರದ ಹೊಟ್ಟು ಚೀಲದಲ್ಲಿ ತಂದು, ತಗಡಿನ ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಗಿಡಿದು, ಬಾಟಲಿಯನ್ನು ತಿರುವುತ್ತ ಮೇಲೆ ಎಳೆದರೆ ನಡುವೆ ಕೊಳವೆ ಉಳಿಯುತ್ತದೆ. ಅದರ ಬುಡದಲ್ಲಿ ಬೆಂಕಿ ಇಟ್ಟರೆ ಅರ್ಧ ದಿನ ಉರಿಯುತ್ತದೆ. ಉರಿ ಹಿಡಿದ ಮೇಲೆ ಹೊಗೆ ಕಡಿಮೆ. ಹಿಡಿಯುವ ತನಕ, ಹೊಟ್ಟು ಸ್ವಲ್ಪ ಹಸಿಯಿದ್ದರಂತೂ, ದಟ್ಟವಾಗಿ ಹಳದಿ ಹೊಗೆ ಏಳುತ್ತದೆ. ಸೀಮೆಎಣ್ಣೆ ಸೊಸೈಟಿಯಲ್ಲಿ ನಿಂತು ಯಾವ ಕಾಲವಾಯಿತೋ. ಕರೆಂಟಿನ ಒಲೆ ತಂದವರೂ ಇದ್ದರು. ಹಗಲು ಕರೆಂಟು ತೆಗೆಯುತ್ತಿದ್ದರು. ಇದ್ದಾಗ ಕ್ವಾರ್ಟರ್ಸ್‌ನ ಅಜ್ಜನ ಕಾಲದ ವೈರಿಂಗು ತಡೆಯದೆ ಫ್ಯೂಸು ಹೋಗುತ್ತಿತ್ತು. ಅಕ್ಕನೂ ಮಗಳ ಮನೆಯಿಂದ, ಕುಂಸಿಯಿಂದ, ಅಂಥದೊಂದು ಒಲೆ ತರಿಸಿದ್ದರು. ಮೂರನೆಯ ದಿನ ಗೋಡೆಯ ಪ್ಲಗ್ಗು ಕರಗಿ ಕಪ್ಪಾಯಿತು.

ಎರಡನೆಯ ವಾರ ಆರರ ಬದಲು ನಾಲ್ಕು ಸಿಲಿಂಡರ್ ಬಂದವು. ಮೂರನೆಯ ವಾರ ಲಾರಿಯೇ ಬರಲಿಲ್ಲ. ಅಕ್ಕನ ಸಿಲಿಂಡರ್ ಮುಗಿಯಿತು. ನಮ್ಮಿಂದ ಹೋಗುವ ಗಂಜಿಯ ನಡುವಿನ ಹೊತ್ತಿಗೆ ಬಿಸಿನೀರು, ಹಬೆ ಬೇಕಲ್ಲ. ಅವರು ರಸ್ತೆಯಾಚೆ ಬಾಗಿಲು ಕಿತ್ತುಹೋದ ಖಾಲಿ ಕ್ವಾರ್ಟರ್ಸ್‌ನ ಹಿತ್ತಲಲ್ಲಿ ಹೊಟ್ಟಿನ ಒಲೆ ಇಟ್ಟುಕೊಂಡರು. ಅಲ್ಲಿ ನೀರು ಕಾಯಿಸಿ, ಪಾತ್ರೆಯ ಮೇಲೆ ತಟ್ಟೆ ಮುಚ್ಚಿ, ಸೆರಗಿನಲ್ಲಿ ಹಿಡಿದುಕೊಂಡು ರಸ್ತೆ ದಾಟಿ ಬರುತ್ತಿದ್ದರು. ದಿನಕ್ಕೆ ಎಷ್ಟು ಸಲ ಎಂದು ನಾನು ನೋಡಿಲ್ಲ. ಒಂದು ಬೆಳಿಗ್ಗೆ, ಆ ಹಿತ್ತಲಿನ ಒಲೆಯನ್ನು ಯಾರೋ ಒದ್ದು ಕೆಡವಿದ್ದರಿಂದ, ತಮ್ಮ ಅಡುಗೆಮನೆಯಲ್ಲೇ ಹಚ್ಚಿದರು. ಒಂದೇ ದಿನ.

ಆ ದಿನಗಳಲ್ಲಿ ಒಮ್ಮೆ ಗಂಜಿಯ ಪಾತ್ರೆ ಹಿಡಿದು ನಾನೇ ಹೋಗಿದ್ದೆ. ಅಕ್ಕನ ಗಂಡ ಹಾಸಿಗೆ ಸುರುಳಿಗೆ ಒರಗಿ ಕೂತಿದ್ದರು. ಕೊರಳಿನ ಗುಳಿ ಒಳಗೆ ಹೋಗುತ್ತಿತ್ತು, ಬರುತ್ತಿತ್ತು. ನನ್ನನ್ನು ನೋಡಿ ಹೇಳಿದರು: "ಜೀವಮಾನವೆಲ್ಲ ಬೆಂಕಿ ಪಕ್ಕ ಕೆಲಸ ಮಾಡ್ದೆ ಮೇಷ್ಟ್ರೇ. ಈಗ ಒಂದು ಲೋಟ ನೀರು ಕಾಯೋಷ್ಟು ಬೆಂಕಿ ಇಲ್ಲ."

ಈ ವಾಕ್ಯವನ್ನು ಹಿಂದೆ ಎರಡು ಸಲ ಬರೆದಾಗಲೂ ಇಟ್ಟುಕೊಂಡಿದ್ದೆ. ಈಗ ಹೊಡೆದುಹಾಕುತ್ತೇನೆ. ಒಂದು ಉಸಿರಿಗೆ ಎರಡು ಮಾತು ಕೂಡಿಸಲಾಗದ ಮನುಷ್ಯ ಇಷ್ಟುದ್ದ, ಇಷ್ಟು ಚಂದದ ವಾಕ್ಯ ಆಡಿರಲಾರರು. ಅವರು ಹೇಳಿದ್ದು, ಬಹುಶಃ, "ನೀರು." ಉಳಿದದ್ದು ನನ್ನ ಕೆಲಸ. ಒಬ್ಬ ಮನುಷ್ಯ ನನ್ನ ಮುಂದೆ ಉಸಿರಿಗಾಗಿ ಒದ್ದಾಡುತ್ತಿದ್ದಾಗ ಅವನ ಬಾಯಿಗೆ ಹಾಕಲು ನಾನು ಮಾತು ಹುಡುಕುತ್ತಿದ್ದೆನೋ, ಅಥವಾ ಮನೆಗೆ ಬಂದ ಮೇಲೆ ಹುಡುಕಿದೆನೋ, ಅದೂ ತಿಳಿಯದು.

ನಾಲ್ಕನೆಯ ವಾರ, ಒಂದು ಬೆಳಿಗ್ಗೆ, ಅಕ್ಕ ಗೋಡೆ ಬಡಿದರು. ಹೋಗಿ ನೋಡಿದರೆ ಅವರ ಗಂಡನ ತುಟಿ ನೀಲಿಗಟ್ಟಿತ್ತು. ಆಟೋ ಹುಡುಕಲು ಓಡಿದೆ. ಸ್ಟ್ಯಾಂಡಿನಲ್ಲಿ ಒಂದೂ ಇರಲಿಲ್ಲ. ಎಲ್ಲ ಗ್ಯಾಸ್ ಬಂಕಿನ ಸಾಲಿನಲ್ಲಿ. ಫೋರ್ಮನ್ನರು ಬನಿಯನ್ನಿನಲ್ಲೇ ತಮ್ಮ ಹಳೆಯ ಕಾರು ತೆಗೆದರು. ಕುಟುಂಬಕ್ಕೆ ಎಂದು ಮುಟ್ಟದೆ ಇಟ್ಟಿದ್ದ ಪೆಟ್ರೋಲು ಅದರಲ್ಲಿತ್ತು. ಶಿವಮೊಗ್ಗದ ದೊಡ್ಡಾಸ್ಪತ್ರೆಯವರೆಗೂ ಅವರೇ ಓಡಿಸಿದರು. ದಾರಿಯುದ್ದಕ್ಕೂ ಹಿಂದಿನ ಸೀಟಿನವರನ್ನು ಬೈಯುತ್ತಿದ್ದರು. "ಉಸಿರು ಎಳ್ಕೊಳ್ಳೋ. ಎಳ್ಕೋ. ಶಿಫ್ಟ್ ಇನ್ನೂ ಮುಗಿದಿಲ್ಲ ಕಣೋ, ಮಲಗ್ತೀಯೇನೋ?" ಬೈಗುಳ ನಿಲ್ಲಿಸಿದರೆ ಏನಾದರೂ ಆಗಿಬಿಡುತ್ತದೆ ಎಂಬಂತೆ.

ಮೂರನೆಯ ದಿನ ಅಕ್ಕನ ಗಂಡ ತೀರಿಕೊಂಡರು. ಡಾಕ್ಟರು, ಶ್ವಾಸಕೋಶ ಮೊದಲೇ ಮುಗಿದಿತ್ತು, ಇನ್ನು ಆರು ತಿಂಗಳು ತಡೆದಿದ್ದರೆ ಹೆಚ್ಚು ಎಂದರು. ಕಾಗದದಲ್ಲಿ ಹೊಗೆಯ ಮಾತಿಲ್ಲ. ಆ ಆರು ತಿಂಗಳನ್ನು ಯಾರ ಪಟ್ಟಿಯಲ್ಲಿ ಎಲ್ಲಿ ಬರೆಯಬೇಕೆಂದು ನನಗೆ ಗೊತ್ತಿಲ್ಲ.

ಇಷ್ಟು ಬರೆದು ಹೆಂಡತಿಗೆ ಓದಲು ಕೊಟ್ಟೆ. ಅವಳು ಅಕ್ಕಿ ಆರಿಸುತ್ತ ಓದಿದಳು. ಮುಗಿಸಿ ಕಾಗದಗಳನ್ನು ಮೊರದ ಪಕ್ಕದಲ್ಲಿಟ್ಟಳು.

"ಚೆನ್ನಾಗಿದೆ. ನಮ್ಮ ಬಚ್ಚಲ ಒಲೆ ಎಲ್ಲಿ?"

"ಯಾವುದು?"

"ರೀ. ಯಾವುದು ಅಂತೀರಲ್ಲ. ಗಂಜಿಗೆ ಗ್ಯಾಸ್ ಉಳಿಸಬೇಕು ಅಂತ ಸ್ನಾನದ ನೀರಿಗೆ ಹೊಟ್ಟಿನ ಒಲೆ ಹಚ್ತಿರಲಿಲ್ವಾ ನೀವು? ದಿನಾ ಐದೂವರೆಗೆ. ಆರೂಮುಕ್ಕಾಲಿನ ಬಸ್ಸಿಗೆ."

ಹಚ್ಚುತ್ತಿದ್ದೆ. ನಮ್ಮ ಬಚ್ಚಲು ಹಿಂಭಾಗದಲ್ಲಿ, ಅವರ ಕೋಣೆಯ ಕಿಟಕಿಯಿಂದ ಎಂಟು ಹೆಜ್ಜೆ. ಬೇಸಿಗೆ; ತಣ್ಣೀರು ಸ್ನಾನ ಮಾಡಬಹುದಿತ್ತು. ಹುಟ್ಟಿದಾಗಿನಿಂದ ಬಿಸಿನೀರಿನ ಸ್ನಾನ, ಅದನ್ನು ಬಿಡಬೇಕೆಂದು ತೋಚಲೇ ಇಲ್ಲ. ಎರಡು ಮನೆಯ ಗಂಜಿಗೆ ಗ್ಯಾಸ್ ಉಳಿಯಲಿ ಎಂದು, ಒಳ್ಳೆಯದು ಮಾಡುತ್ತಿದ್ದೇನೆ ಎಂಬ ಲೆಕ್ಕದಲ್ಲೇ ಹಚ್ಚಿದ್ದು. ಬೇರೆಯವರ ಒಲೆಗಳು ಆರು ಗಂಟೆಯ ಮೇಲೆ. ನಮ್ಮದು ಮೊದಲು. ಬೆಳಗಿನ ಜಾವ ಗಾಳಿಯಿಲ್ಲದಾಗ ಹೊಗೆ ಮೇಲೇಳದೆ ನೆಲಕ್ಕೇ ಹಬ್ಬುತ್ತಿತ್ತು ಎಂಬುದು ಈಗ ನೆನಪಾಗುತ್ತಿದೆ. ಈಗ ನೆನಪಾಗುತ್ತಿರುವುದು ಆಗ ಕಂಡಿದ್ದೇ ಎಂದು ಆಣೆ ಇಡಲಾರೆ. ಮೂರು ಸಲ ಬರೆದೆ. ಫೋರ್ಮನ್ನರ ಹುಣಸೆಹಣ್ಣು ಬಂತು, ಹುಡುಗರ ಪಾಲಿಶ್ ಡಬ್ಬಿ ಬಂತು, ಆ ಒಲೆ ಮೂರರಲ್ಲೂ ಬರಲಿಲ್ಲ.

"ಅದೊಂದರಿಂದಲೇ ಆಯ್ತು ಅಂತ ನಾನು ಹೇಳ್ತಿಲ್ಲ," ಎಂದಳು. "ಬೀದಿಯೆಲ್ಲ ಹೊಗೆ ಇತ್ತು. ಆದ್ರೆ ಬರಿಯೋದಾದ್ರೆ ಅದನ್ನೂ ಬರೀರಿ. ನಿಮಗೆ ಅಕ್ಕನೇ ಹೇಳಿರಲಿಲ್ವಾ?"

ಹೇಳಿದ್ದರು. ಅದನ್ನೇ ಈಗ ಬರೆಯಬೇಕಾಗಿದೆ.

ಆರನೆಯ ವಾರದಲ್ಲಿ ಅಕ್ಕನ ಸರದಿ ಬಂದು ಸಿಲಿಂಡರ್ ಬಂತು. ಆಮೇಲೆ ಕೊರತೆ ತಾನಾಗಿಯೇ ಸಡಿಲಾಯಿತು. ಏಜೆನ್ಸಿಯವರು ಪ್ರತಿ ಬೀದಿಯಿಂದಲೂ ಒಂದು ಕಾಗದ ಕೇಳಿದರು, ಹಂಚಿಕೆ ಸರಿಯಾಗಿ ನಡೆಯಿತೆಂದು. ನಾನೇ ಬರೆದೆ. "ಕ್ರಮಸಂಖ್ಯೆಯಂತೆ ಎಲ್ಲ ಮನೆಗಳಿಗೂ ಸಿಲಿಂಡರ್ ತಲುಪಿರುತ್ತದೆ. ಈ ಬಗ್ಗೆ ಯಾರಿಂದಲೂ ಯಾವುದೇ ದೂರು ಬಂದಿರುವುದಿಲ್ಲ." ಪ್ರತಿ ಮನೆಯಿಂದ ಒಂದು ಸಹಿ. ಒಂದು ಭಾನುವಾರ ಬೆಳಿಗ್ಗೆ ಮನೆಮನೆಗೆ ಹೋಗಿ, ಇಪ್ಪತ್ತೇಳು ಸಹಿ ಆದ ಮೇಲೆ ಅಕ್ಕನ ಮನೆಗೆ ಹೋದೆ. ಮಗಳು ಕುಂಸಿಯಿಂದ ಬಂದಿದ್ದಳು, ಒಳಗೆ ಮಿಕ್ಸಿ ತಿರುಗುತ್ತಿತ್ತು. ಅಕ್ಕ ಕಾಗದ ತೆಗೆದುಕೊಂಡು, ಬೆರಳಿಟ್ಟು ನಿಧಾನವಾಗಿ ಓದಿದರು.

"ದೂರು ಅಂದ್ರೆ ಬರೆದು ಕೊಡಬೇಕಿತ್ತಾ ಸಾರ್?"

"ಹೇಳಿದ್ರೂ ಆಗ್ತಿತ್ತು ಅಕ್ಕ."

"ಯಾರಿಗೆ?"

"ಕಮಿಟಿಗೆ. ನನಗೆ."

ಅವರ ಬೆರಳು ಇನ್ನೂ ಆ ಸಾಲಿನ ಮೇಲೇ ಇತ್ತು.

"ಆ ದಿನ ಒಳಗೆ ಒಲೆ ಹಚ್ಚಿಬಿಟ್ಟೆ ನಾನು. ಒಂದೇ ದಿನ. ಅದಕ್ಕೇ ಹೀಗಾಯ್ತು ಅಂತ ಅನ್ನಿಸ್ತಾ ಇರುತ್ತೆ."

"ಅದಲ್ಲಕ್ಕ," ಎಂದೆ. ಹೇಳಬಾರದೆಂದುಕೊಂಡಿದ್ದು ಹೊರಗೆ ಬಂತು. "ನಮ್ಮ ಬಚ್ಚಲಲ್ಲೂ ದಿನಾ ಹಚ್ತಿದ್ವಿ."

"ಗೊತ್ತು ಸಾರ್."

"ಗೊತ್ತಿತ್ತಾ?"

"ಐದೂವರೆಗೆ ಬರ್ತಿತ್ತು ಹೊಗೆ. ಕಿಟಕಿಗೆ ಒದ್ದೆ ಸೀರೆ ಕಟ್ತಿದ್ದೆ. ಅವರು ಆಗ ಕೆಮ್ಮೋಕೆ ಶುರುಮಾಡಿದ್ರೆ ಏಳು ಗಂಟೆ ತನಕ."

"ಒಂದು ಮಾತು ಹೇಳಬಾರದಿತ್ತಾ ಅಕ್ಕ? ನಿಲ್ಲಿಸ್ತಿದ್ದೆನಲ್ಲ."

ಒಳಗೆ ಮಿಕ್ಸಿ ನಿಂತಿತು. ಅಕ್ಕ ದನಿ ತಗ್ಗಿಸಿದರು, ಮಗಳಿಗೆ ಕೇಳಿಸಬಾರದೆಂದು.

"ಎಂಟು ಗಂಟೆಗೆ ನಿಮ್ಮ ಮನೆಯಿಂದಲೇ ಗಂಜಿ ಬರ್ತಿತ್ತು ಸಾರ್. ಏನಂತ ಹೇಳ್ಲಿ?"

ಅವರು ಪೆನ್ನಿಗೆ ಕೈ ಚಾಚಿದರು. ಕೊಟ್ಟೆ. ಎಲ್ಲಿ ಹಾಕಬೇಕೆಂದು ಕೇಳಿದರು, ತೋರಿಸಿದೆ. ಬಾಗಿಲ ಚೌಕಟ್ಟಿಗೆ ಕಾಗದ ಒತ್ತಿ ಹಿಡಿದು, ಕನ್ನಡದಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಸಹಿ ಮಾಡಿದರು. ಆ ಕಾಗದವನ್ನು ಹರಿದುಹಾಕಿದೆ ಎಂದು ಬರೆಯಲು ಈಗ ಕೈ ಬರುತ್ತಿದೆ. ಹರಿಯಲಿಲ್ಲ. ಇಪ್ಪತ್ತೆಂಟು ಆಯಿತೇ ಎಂದು ಒಮ್ಮೆ ಎಣಿಸಿ, ಮಡಿಸಿ ಜೇಬಿನಲ್ಲಿಟ್ಟುಕೊಂಡು ಏಜೆನ್ಸಿಗೆ ಹೋಗಿ ಕೊಟ್ಟು ಬಂದೆ.